ಬೀಗದವನ ಪರ

ಗುರುವಾರ, ಸಂಜೆ

ನನ್ನ ಮುದ್ದಿನ ಮಗಳೇ,

ಪೇಪರಿನಲ್ಲಿ ಓದಿ ಹೆದರಿರುತ್ತೀಯ. ನಾನು ಚೆನ್ನಾಗಿದ್ದೇನೆ. ಮೊದಲು ಅದನ್ನು ನಂಬು, ಆಮೇಲೆ ಮುಂದೆ ಓದು.

"ಟೀಚರಮ್ಮನ್ನ ಕೊಂದವನ ಪರ ನಿಲ್ಲೋಕೆ ನಿಂಗೆ ಹೇಗಮ್ಮಾ ಮನಸ್ಸು ಬಂತು?" ಎಂದು ನೀನು ಫೋನಿನಲ್ಲಿ ಅತ್ತಿದ್ದೆಯಲ್ಲ, ಅದಕ್ಕೆ ಉತ್ತರ ಈ ಕಾಗದ. ನಿನಗೂ ನನಗೂ ಅಕ್ಷರ ತಿದ್ದಿಸಿದವರು ಅವರು. ಅವರ ಮನೆಯ ಬೀಗ ಮುರಿದಿರಲಿಲ್ಲ, ಯಾರೋ ನಾಜೂಕಾಗಿ ತೆರೆದಿದ್ದರು. ಬೀಗ ರಿಪೇರಿಯವನು ಅದೇ ಬೀದಿಯಲ್ಲಿದ್ದ. ಊರಿಗೆ ಅಷ್ಟೇ ಸಾಕಾಯಿತು. ಅವನ ಪರ ಯಾರೂ ವಕಾಲತ್ತು ಹಾಕಬಾರದೆಂದು ನಮ್ಮ ವಕೀಲರ ಸಂಘವೇ ತೀರ್ಮಾನಿಸಿತು. ಅವನ ಹೆಂಡತಿ ಎಲ್ಲರ ಆಫೀಸಿನ ಮೆಟ್ಟಿಲು ಹತ್ತಿ ಇಳಿದು ಕೊನೆಗೆ ನನ್ನ ಬಳಿ ಬಂದಳು. "ತಪ್ಪು ಮಾಡಿದ್ರೆ ಶಿಕ್ಷೆ ಆಗ್ಲಿ ಮೇಡಂ. ಆದ್ರೆ ಅವರ ಮಾತನ್ನ ಒಬ್ರಾದ್ರೂ ಕೇಳ್ಬೇಕಲ್ವಾ?" ಎಂದಳು. ಅವನ ವಕಾಲತ್ತಿಗೆ ನಾನು ಸಹಿ ಹಾಕಿದೆ.

ಅಂದಿನಿಂದ ನಿಮ್ಮಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಾರೆ, ನನ್ನ ಮುಖವಲ್ಲ. ನನ್ನ ಜೂನಿಯರ್ ಕೆಲಸ ಬಿಟ್ಟಳು. ಕೋರ್ಟಿನ ಕ್ಯಾಂಟೀನಿನಲ್ಲಿ ನಾನು ಕೂತ ಕೂಡಲೇ ಟೇಬಲ್ ಖಾಲಿ. ಕಾಲು ಚಾಚಲು ಜಾಗಕ್ಕಂತೂ ಕೊರತೆಯಿಲ್ಲ!

ಇವತ್ತು ಟೀಚರಮ್ಮನ ಎದುರುಮನೆಯ ದರ್ಜಿಯ ಪಾಟೀಸವಾಲು. ಬೀಗದವನು ಆ ಮನೆಯಿಂದ ಓಡಿದ್ದನ್ನು ಕಂಡೆ ಎಂದು ಹೇಳಿಕೆ ಕೊಟ್ಟಿದ್ದವನು ಅವನೊಬ್ಬನೇ. ಕೋರ್ಟಿನೊಳಗೆ ಕಾಲಿಡಲು ಜಾಗವಿರಲಿಲ್ಲ.

"ಓಡಿದವನ ಮುಖ ಕಾಣಿಸ್ತಾ?" ಎಂದೆ.

"ಅವನೇ ಮೇಡಂ."

"ನಾನು ಕೇಳಿದ್ದು ಮುಖದ ಬಗ್ಗೆ."

ಅವನು ಸರ್ಕಾರಿ ವಕೀಲರ ಕಡೆ ನೋಡಿದ. ನಾನು ಕಾದೆ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಅದರ ಹಿಂದೆ ಅಡಗಿಕೊಳ್ಳುತ್ತಿದ್ದ.

"ಬೆನ್ನು ಮಾತ್ರ ಕಂಡಿದ್ದು" ಎಂದ ಕೊನೆಗೆ. "ಬೀದೀಲಿ ಎಲ್ರೂ ಅವನೇ ಅಂತಿದ್ರು. ನಾನೊಬ್ಬ ಅಲ್ಲ ಅಂದಿದ್ರೆ ನನ್ನ ಸುಮ್ನೆ ಬಿಡ್ತಿದ್ರಾ?"

ನ್ಯಾಯಾಧೀಶರು ಆ ಮಾತನ್ನು ಹಾಗೆಯೇ ಬರೆಸಿದರು. ಬೀಗದವನು ಮುಖ ಮುಚ್ಚಿಕೊಂಡು ಬಿಕ್ಕಿದ. ಅವನು ಕೊಲೆಗಾರನಲ್ಲ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ ಮಗಳೇ. ಅವನೇ ಎಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಅಷ್ಟನ್ನು ಗಟ್ಟಿಯಾಗಿ ಹೇಳಲು ಯಾರಾದರೂ ಎದ್ದು ನಿಲ್ಲಬೇಕಿತ್ತು.

ಹೊರಗೆ ಗೇಟಿನ ಬಳಿ ಜನ ಸೇರಿದ್ದರು. ಹಿಂಬಾಗಿಲಿನಿಂದ ಹೋಗಿ ಎಂದು ಪೊಲೀಸರು ಹೇಳಿದರೂ ನಾನು ಮುಂಬಾಗಿಲಿನಿಂದಲೇ ಬಂದೆ. ಸ್ವಲ್ಪ ಕೂಗಾಟವಾಯಿತು, ಅಷ್ಟೇ. ನಾಳೆ ತನಿಖಾಧಿಕಾರಿಯ ಸರದಿ. ನೀನು ಗಾಬರಿಬಿದ್ದು ಹೊರಟು ಬರಬೇಡ, ಪರೀಕ್ಷೆ ಮುಗಿಸು.

ನಿನ್ನ ಮೇಲೆ ಎಂದೂ ಕೋಪವಿಲ್ಲದ,
ಅಮ್ಮ

ಮತ್ತೆ: ಅಕ್ಷರ ನೋಡಿಯೇ ನಿನಗೆ ತಿಳಿದಿರುತ್ತದೆ ಪುಟ್ಟಿ, ಇದನ್ನು ಬರೆದವನು ಅಪ್ಪ. ಅವಳು ಹೇಳಿದಳು, ನಾನು ಬರೆದೆ. ಮಾತು ಬಿಟ್ಟ ವಿಷಯವನ್ನೂ ನನ್ನ ಕೈಯಿಂದಲೇ ಬರೆಸಿದಳು. ಗೇಟಿನ ಬಳಿ ಯಾರೋ ಎಸೆದ ಕಲ್ಲಿಗೆ ಅವಳ ಬಲಗೈ ಮೂಳೆ ಮುರಿದಿದೆ. ನಿನಗೆ ತಿಳಿಸಬೇಡಿ ಎಂದಿದ್ದಳು. ಈಗ ಮಾತ್ರೆ ನುಂಗಿ ಮಲಗಿದ್ದಾಳೆ. ನಾಳೆ ಕೋರ್ಟಿನಲ್ಲಿ ಅವಳಿಗೆ ಬರೆದುಕೊಡುವವರು ಯಾರೂ ಇಲ್ಲ. ನಾನು ರಜೆ ಹಾಕಿದ್ದೇನೆ. ಅವಳಿಗಿನ್ನೂ ಹೇಳಿಲ್ಲ.