ಕದಲದ ಬಿಸಿಲು

ಅಂಗೈಗೆ ಇಳಿದುಬಂದ ಮಹಾಲಿಂಗವೇ, ಈ ಹಾಳೆಗೂ ನೀನೇ ಸಾಕ್ಷಿ.

ಸ್ವಸ್ತಿಶ್ರೀ ವಿಶ್ವಾವಸು ಸಂವತ್ಸರ, ದಕ್ಷಿಣಾಯನ, ವರ್ಷ ಋತು, ಶ್ರಾವಣ ಶುದ್ಧ ದ್ವಾದಶಿ, ಬುಧವಾರ. ೬ ಆಗಸ್ಟ್ ೨೦೨೫. ತಾವರಗೇರಾ.

ಬೆಳಗಿನ ೭

ಲಿಂಗಪೂಜೆ ಸಾಂಗವಾಯಿತು. ಬಿಲ್ವಪತ್ರೆ ನೆರೆಮನೆಯ ಶಾಹಜಾದಬಿಯ ಹಿತ್ತಲಿನದು. ಎಂದಿನಂತೆ ನಸುಕಿನಲ್ಲೇ ಗೋಡೆಯ ಮೇಲಿಟ್ಟು ಹೋಗಿದ್ದಳು. ಮೊಮ್ಮಗಳು ರೂಪಾ ಚಹಾ ತಂದಳು. ಕೊಪ್ಪಳದಲ್ಲಿ ನರ್ಸಿಂಗ್ ಸೀಟು ದೊರೆತಿದೆ; ಹದಿನಾಲ್ಕರೊಳಗೆ ಫೀ ಕಟ್ಟಬೇಕು. ಅವಳ ತಂದೆ—ನನ್ನ ಮಗ—ತೀರಿಕೊಂಡಾಗ ಬಂದ ವಿಮೆಯ ಹಣ ಅದಕ್ಕೆಂದೇ ನನ್ನ ಹೆಸರಿನಲ್ಲಿ ಠೇವಣಿಯಾಗಿದೆ. ಸೋಮವಾರ ಅವಧಿ ತುಂಬುತ್ತದೆ. ಸಂಜೆ ಮಠದಲ್ಲಿ ನಾನು ಹೇಳುವ ಪುರಾಣಕ್ಕೆ ಟಿಪ್ಪಣಿ ಬರೆಯುವುದು ಉಳಿದಿದೆ...

ಅದೇ ದಿನ, ಮಧ್ಯಾಹ್ನ ೩

ಹನ್ನೊಂದಕ್ಕೆ ವಿಡಿಯೊ ಕಾಲ್. ಖಾಕಿ ತೊಟ್ಟ ತರುಣ, ಹಿಂದೆ ಧ್ವಜ, ಕಿಟಕಿ. ದೆಹಲಿಯ ತನಿಖಾ ಕಚೇರಿಯಂತೆ. ಹಿಂದಿಯಲ್ಲಿ ಮಾತು. ನನ್ನ ಆಧಾರ್ ಸಂಖ್ಯೆಯನ್ನು ತಪ್ಪಿಲ್ಲದೆ ಓದಿದ. ಅದರ ಮೇಲೆ ಹೊರದೇಶಕ್ಕೆ ಹೋದ ಪಾರ್ಸೆಲಿನಲ್ಲಿ ಮಾದಕದ್ರವ್ಯ ಸಿಕ್ಕಿದೆಯಂತೆ. ಸೋಮವಾರ ವಿಚಾರಣೆ ಮುಗಿಯುವವರೆಗೆ ನನಗೆ ‘ಡಿಜಿಟಲ್ ಅರೆಸ್ಟ್’. ಕೋಣೆ ಬಿಡಕೂಡದು, ಫೋನು ಆರಕೂಡದು, ಯಾರಿಗೂ ತಿಳಿಸಕೂಡದು. ತಿಳಿಸಿದರೆ ಠೇವಣಿಗೆ ನಾಮಿನಿಯಾದ ರೂಪಾಳನ್ನೂ ಎಳೆದೊಯ್ಯುವುದಾಗಿ ಹೇಳಿದ.

ಆತ ಕೇಳಿದ್ದು ಒಂದು ಮುಚ್ಚಳಿಕೆ ಮಾತ್ರ. ನಾನೇ, ಯಾರೂ ಬೇಡದೆ, ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಆಣೆಯಿಟ್ಟೆ: ಮಾತಿನಿಂದಾಗಲಿ ಸನ್ನೆಯಿಂದಾಗಲಿ ಯಾರಿಗೂ ಹೊರಗೆಡಹುವುದಿಲ್ಲವೆಂದು. ಆತ ಬಹು ಮೃದುವಾಗಿ, ಅಷ್ಟು ಸಾಕು ತಾತಾಜಿ, ಎಂದ.

ಮನೆಯವರಿಗೆ ಹೇಳುವ ನೆಪವನ್ನೂ ನಾನೇ ಹುಡುಕಿದೆ. ಚೀಟಿ ಬರೆದೆ—ಸೋಮವಾರದವರೆಗೆ ಮೌನಾನುಷ್ಠಾನ, ಯಾರೂ ಒಳಗೆ ಬರತಕ್ಕದ್ದಲ್ಲ. ರೂಪಾ ಓದಿದಳು. ಹೊಸ್ತಿಲಿಗೆ ಹಣೆ ಮುಟ್ಟಿಸಿ ಹೋದಳು. ಈ ಬಾಗಿಲನ್ನು ಮುಚ್ಚಿದವನು ಆತನಲ್ಲ, ನಾನು.

ಬರೆಯುವುದನ್ನು ಕಂಡು ಏನೆಂದು ಕೇಳಿದ. ಶಿವನಾಮ ಬರೆಯುತ್ತಿದ್ದೇನೆ ಎಂದೆ. ಆತನಿಗೆ ಕನ್ನಡ ಬಾರದು.

೭ ಆಗಸ್ಟ್, ಗುರುವಾರ, ಸಂಜೆ

ಆತನ ಅಪ್ಪಣೆಯಂತೆ ಬ್ಯಾಂಕಿಗೆ ಹೋಗಿಬಂದೆ. ಫೋನು ಅಂಗಿಯ ಕಿಸೆಯಲ್ಲಿ, ಕ್ಯಾಮೆರಾದ ಕಣ್ಣು ತೆರೆದೇ ಇತ್ತು. ‘ಪರಿಶೀಲನೆ’ಗೆಂದು ನನ್ನ ಪಿಂಚಣಿಯ ಉಳಿತಾಯವೆಲ್ಲ ಅವರು ಹೇಳಿದ ಖಾತೆಗೆ ಹೋಯಿತು. ಮ್ಯಾನೇಜರ್ ಶಮೀನಾ ಹೈಸ್ಕೂಲಿನಲ್ಲಿ ನನ್ನ ಶಿಷ್ಯೆ. ವಯಸ್ಸಾದವರು ದೊಡ್ಡ ಮೊತ್ತ ಕಳಿಸಬಂದರೆ ಕೂರಿಸಿ ಹತ್ತು ಪ್ರಶ್ನೆ ಕೇಳುವವಳು. ನನ್ನನ್ನೂ ಕೇಳಲು ಬಾಯಿ ತೆರೆದಳು. ಮೌನದ ಚೀಟಿ ತೋರಿಸಿದೆ. ಎದ್ದುನಿಂತು ಕೈಮುಗಿದಳು. ಮತ್ತೇನನ್ನೂ ಕೇಳಲಿಲ್ಲ.

ಕೇಳಬೇಕಿತ್ತು, ತಾಯಿ.

೯ ಆಗಸ್ಟ್, ನೂಲ ಹುಣ್ಣಿಮೆ, ಶನಿವಾರ

ನಿನ್ನೆ ಬರೆಯಲಾಗಲಿಲ್ಲ. ಉಣ್ಣುವುದು, ಮಲಗುವುದು ಎಲ್ಲ ಪರದೆಯ ಎದುರು; ಕತ್ತಲಾದರೆ ಆತ ತನ್ನ ಚಿತ್ರ ಮರೆಸಿ ನನ್ನನ್ನಷ್ಟೇ ನೋಡುತ್ತಿರುತ್ತಾನೆ. ಶೌಚಕ್ಕೆ ಹೋಗಲು ಕೈಯೆತ್ತಿ ಅಪ್ಪಣೆ ಕೇಳಬೇಕು—ನನ್ನ ತರಗತಿಯಲ್ಲಿ ಮಕ್ಕಳು ಕೇಳುತ್ತಿದ್ದ ಹಾಗೆ.

ಸುದ್ದಿ ಓಣಿಯಲ್ಲೆಲ್ಲ ಹಬ್ಬಿದೆ. ಬಾಗಿಲಲ್ಲಿ ಕಾಯಿ, ಹೂವು, ಊದುಬತ್ತಿ. ಮೌನ ಬಿಡುವಾಗ ಹೊರಡುವ ಮೊದಲ ಮಾತು ಸುಳ್ಳಾಗದೆಂದು ನಮ್ಮವರ ನಂಬಿಕೆ. ಸೋಮವಾರ ಬೆಳಿಗ್ಗೆ ಅದನ್ನು ಕೇಳಲು ಬರುವರಂತೆ. ನನ್ನ ಸುಳ್ಳಿಗೆ ಜನ ಕಾಯಿ ಒಡೆಯುತ್ತಿದ್ದಾರೆ.

ಚಾರ್ಜರ್ ಕೆಟ್ಟಿತು. ಆತನ ಅಪ್ಪಣೆ ಪಡೆದು ಬಾಗಿಲ ಸಂದಿನಿಂದ ಚೀಟಿ ದೂಡಿದೆ. ಶಾಹಜಾದಬಿ ತನ್ನದನ್ನು ತಂದಳು.

“ಅಜ್ಜಾರ, ಚಾರ್ಜರ್ ಇಲ್ಲೇ ಇಟ್ಟೀನ್ರಿ. ಆದ್ರ ಮೌನಕ್ಕ ಕುಂತೋರಿಗೆ ಫೋನ್ ಯಾಕ ಬೇಕ್ರಿ? ದೇವ್ರು ಏನ್ ವಿಡಿಯೊ ಕಾಲ್ ಮಾಡ್ತಾನೇನ್ರಿ?”

ರೂಪಾ ನಕ್ಕದ್ದು ಕೇಳಿಸಿತು. ಒಳಗೆ ನಾನು ಪರದೆಯತ್ತ ನೋಡಿದೆ. ರೂಪಾ ಅಡುಗೆಮನೆಗೆ ಹೋದಳು, ಶಾಹಜಾದಬಿ ಹೋಗಲಿಲ್ಲ. ಈಗ ದನಿಯಲ್ಲಿ ನಗೆಯಿರಲಿಲ್ಲ.

“ಒಳಗ ಯಾರರ ಅದಾರೇನ್ರಿ, ಅಜ್ಜಾರ?”

ನಡುವೆ ಒಂದು ಹಲಗೆಯಷ್ಟೇ. ನಿಜ ನಾಲಗೆಯ ತುದಿಯವರೆಗೆ ಬಂತು. ಆಣೆ...

೧೦ ಆಗಸ್ಟ್, ಭಾನುವಾರ, ಬೆಳಗಿನ ೬

ಪೂಜೆಯ ನಡುವೆ ಕಣ್ಣು ಪರದೆಯ ಮೇಲೆ ಬಿತ್ತು. ಆತನ ಹಿಂದಿನ ಕಿಟಕಿಯಿಂದ ಬಿಸಿಲು. ಧ್ವಜದ ಕೋಲಿನ ನೆರಳು ಗೋಡೆಯ ಮೇಲೆ ಓರೆಯಾಗಿ ಬಿದ್ದಿದೆ. ಬುಧವಾರ ಹನ್ನೊಂದಕ್ಕೂ ಇಷ್ಟೇ ಓರೆಯಿತ್ತಲ್ಲ?

ಮಧ್ಯಾಹ್ನ ೧೨

ಅಲ್ಲೇ ಇದೆ.

ಸಂಜೆ ೬-೩೦

ನಮ್ಮ ಅಂಗಳದ ಬಿಸಿಲು ಮಾಳಿಗೆ ಹತ್ತಿ ಹೋಯಿತು. ಅಲ್ಲಿಯ ನೆರಳು ಒಂದು ಬೆರಳೂ ಸರಿದಿಲ್ಲ. ಮಠದ ಅಂಗಳದಲ್ಲಿ ಕೋಲು ನೆಟ್ಟು, ನೆರಳಳೆದು, ಊರಿಗೆ ಹೊತ್ತು ಹೇಳಿದವನು ನಾನು. ದೆಹಲಿಗೂ ಸೂರ್ಯ ಇವನೇ.

ಅದು ಕಿಟಕಿಯಲ್ಲ. ಚಿತ್ರ.

ಕಿಟಕಿ ಸುಳ್ಳಾದರೆ ಗೋಡೆ ಸುಳ್ಳು, ಕಚೇರಿ ಸುಳ್ಳು, ಖಾಕಿ ಸುಳ್ಳು. ಪಾರ್ಸೆಲ್ ಎಂದೂ ಇರಲಿಲ್ಲ. ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಏಕೆಂದರೆ ಲಿಂಗ ನಿಜ. ಅದನ್ನು ಹಿಡಿದು ಆಡಿದ ಆಣೆಯೂ ನಿಜ. ಆತನ ಸೆರೆಮನೆ ಬಿದ್ದುಹೋಯಿತು. ನಾನು ಕಟ್ಟಿಕೊಂಡದ್ದು ನಿಂತೇ ಇದೆ.

ಆತ ನೆನಪಿಸಿದ: ನಾಳೆ ಹತ್ತಕ್ಕೆ ಬ್ಯಾಂಕು, ಠೇವಣಿ ಪೂರ್ತಿ, ಆಮೇಲೆ ಬಿಡುಗಡೆ. ವಿನೀತನಾಗಿ ತಲೆದೂಗಿದೆ. ನಟನೆ ಇಷ್ಟು ಸುಲಭವೆಂದು ತಿಳಿದಿರಲಿಲ್ಲ.

ಶ್ರಾವಣ ಬಹುಳ ಬಿದಿಗೆ, ಸೋಮವಾರ. ೧೧ ಆಗಸ್ಟ್. ಬೆಳಗಿನ ೭

ಲಿಂಗವನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ಕುಳಿತೆ. ಆಣೆ ಮುರಿದರೆ ಪಾಪ ನನಗೆ. ಉಳಿಸಿದರೆ ರೂಪಾಳ ಓದು ಹೋಗುತ್ತದೆ. ಹೀಗೆ ಬರೆದು ನೋಡಿದ ಮೇಲೆ ತೂಗಲು ಏನೂ ಉಳಿಯಲಿಲ್ಲ. ಪಾಪ ನನಗಿರಲಿ. ನನ್ನ ಆಣೆಯನ್ನು ಕಳ್ಳನಿಗೆ ಕಾವಲು ನಿಲ್ಲಿಸಿದ್ದೆ, ಕ್ಷಮಿಸು, ತಂದೆ.

ಪಾಪಕ್ಕಿಂತ ನಾಚಿಕೆ ಭಾರವಾಗಿದೆ. ಹೊರಗೆ ಜನ ಸೇರಿದ್ದಾರೆ. ಮಳೆ ಬಂದೀತೆ, ಮದುವೆ ಕೂಡೀತೆ, ಅಜ್ಜಾರ ಏನು ನುಡಿದಾರು ಎಂಬ ಪಿಸುಮಾತು. ಅವರು ಕಾಯುತ್ತಿರುವುದು ವರಕ್ಕೆ. ನನ್ನಲ್ಲಿರುವುದು ಒಂದೇ ಮಾತು—ನಾನು ಮೋಸಹೋದೆ, ಈ ಮೌನವೂ ಸುಳ್ಳು.

ಶಾಹಜಾದಬಿ ಬಾಗಿಲಿಗೆ ಹತ್ತಿರ ಬಂದಳು. “ಹೊರಗ ಬರ್ರಿ ಅಜ್ಜಾರ. ಒಳಗ ಯಾರ ಇದ್ರೂ, ಇಲ್ಲಿ ನಾವು ಅದೀವಿ.”

ಮೊದಲ ಮಾತು ಸುಳ್ಳಾಗದೆಂಬ ಅವರ ನಂಬಿಕೆಯನ್ನು ನಾನು ಕೆಡಿಸುವುದಿಲ್ಲ.

ಫೋನಿನಿಂದ ಆತ ಕರೆಯುತ್ತಿದ್ದಾನೆ, ಏಳಿ ತಾತಾಜಿ ಎಂದು. ಏಳುತ್ತೇನೆ. ಅದಕ್ಕೆ ಮುನ್ನ ಇಷ್ಟು. ರೂಪಾಳಿಗೆ ವಿದ್ಯೆ ಕೈಗೂಡಲಿ. ಶಮೀನಾ ಇನ್ನು ಮೌನಿಗಳನ್ನೂ ತಡೆದು ಕೇಳುವಂತಾಗಲಿ. ಶಾಹಜಾದಬಿಯ ಬಾಯಿಗೆ ನೂರು ವರ್ಷ ಆಯುಷ್ಯವಿರಲಿ. ಪರದೆಯೊಳಗಿನ ಆ ತರುಣನಿಗೂ ಒಂದು ನಿಜವಾದ ಕಿಟಕಿ ದೊರೆಯಲಿ, ಅದರಲ್ಲಿ ಬಿಸಿಲು ಸರಿಯಲಿ. ಬಾಗಿಲ ಹೊರಗಿನವರಿಗೂ ಒಳಗಿನವರಿಗೂ, ಸರ್ವರಿಗೂ ಮಂಗಳವಾಗ—