ಸಹಿ ಹಾಕದ ಕಾಗದ

ಅಣ್ಣನಿಗೆ,

ನಿನ್ನ ಬಂದೂಕಿನ ಪರವಾನಗಿ ನವೀಕರಣಕ್ಕೆ ‘ತಕರಾರಿಲ್ಲ’ ಎಂಬ ಕಾಗದವನ್ನು ನೀನು ಅತ್ತಿಗೆಯ ಕೈಯಲ್ಲಿ ಕಳಿಸಿದ್ದೆ. ಸಹಿ ಹಾಕದೆ ಹಿಂದಿರುಗಿಸಿದ್ದೇನೆ.

ಗುಂಡು ತುಂಬಿ ಅದನ್ನು ಮಂಚದ ಕೆಳಗಿಟ್ಟವನು ನೀನು. ಕಣ್ಣಾಮುಚ್ಚಾಲೆ ಆಡುತ್ತ ಅಲ್ಲಿ ಅಡಗಿ, ಅದನ್ನು ಮುಟ್ಟಿ ಸತ್ತವಳು ನನ್ನ ಒಂಬತ್ತು ವರ್ಷದ ಮಗಳು. ಪೊಲೀಸರಿಗೆ ಮಾತ್ರ ನೀನು, “ಬಂದೂಕು ಬೀರುವಿನಲ್ಲಿತ್ತು, ಬೀಗ ಮಗೂನೇ ತೆಗೆದಿದ್ದು ಸಾರ್” ಅಂದೆ. ಬಾಯಿಲ್ಲದವಳ ಮೇಲೆ ತಪ್ಪು ಹೊರಿಸಿದೆ. “ಮೊಮ್ಮಗಳಂತೂ ಹೋದ್ಲು, ಮಗನ್ನೂ ಕಳ್ಕೊಳ್ಳಲಾರೆ ಕಣೇ” ಎಂದು ಅಮ್ಮ ಅತ್ತದ್ದಕ್ಕೆ ನಾನು ಸುಮ್ಮನಿದ್ದೆ.

ಹೋದ ತಿಂಗಳು ಅಮ್ಮ ತೀರಿಕೊಂಡಳು. ನಿನ್ನೆ ಠಾಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಬರೆಸಿ ಬಂದೆ. ನಾಳೆ ಹತ್ತು ಗಂಟೆಗೆ ಅವರು ಬರುತ್ತಾರೆ.

ಅಷ್ಟರೊಳಗೆ ಮಕ್ಕಳನ್ನು ಶಾಲೆಗೆ ಕಳಿಸು. ನಿನ್ನನ್ನು ಕರೆದೊಯ್ಯುವುದನ್ನು ಅವರು ನೋಡುವುದು ಬೇಡ. ನೋಡಲು ನಾನಿರುತ್ತೇನೆ, ನಿಮ್ಮ ಮನೆಯೆದುರಿನ ಅಂಗಡಿಯ ಮೆಟ್ಟಿಲ ಮೇಲೆ.

ನಿನ್ನ ತಂಗಿ