ಹೆಬ್ಬೆಟ್ಟಿನ ಒಪ್ಪಿಗೆ

ಮಾತಿನ ಸಂಶೋಧನೆಯ ಡಾಕ್ಟರೇ,

ಲಕ್ವ ಹೊಡೆದು ಮಾತು ಕಳೆದುಕೊಂಡ ನಮ್ಮವ್ವ ನಿಂಗಮ್ಮನಿಂದ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ಅವಳು ತಡವರಿಸುವುದನ್ನು ವಿಡಿಯೊ ಮಾಡಿದಿರಿ. ವರ್ಷವಾದ ಮೇಲೆ "ಇನ್ನು ಇವರಿಗೆ ಮಾತು ಬರೋದಿಲ್ಲ" ಎಂದು ಫೈಲು ಮುಚ್ಚಿದಿರಿ. ಆಮೇಲೆ ಮೂರು ವರ್ಷ ಅವಳಿಗೆ ಮಾತು ಕಲಿಸಿದವರು ಶುಂಠಿ ಹೊಲದಲ್ಲಿ ಜೊತೆಗೆ ಕಳೆ ಕೀಳುವ ಹೆಂಗಸರು. "ನಿಂಗಕ್ಕಾ, ಬೈಯೋಕಾದ್ರೂ ಬಾಯಿ ಬಿಡು!" ಎಂದು ದಿನವೂ ಕೆಣಕಿದರು.

ಮೊನ್ನೆ ಕುಶಾಲನಗರದಲ್ಲಿ ಲಕ್ವ ಹೊಡೆದವರಿಗಾಗಿ ನಡೆದ ಸಭೆಗೆ ಅವ್ವನನ್ನೂ ಕರೆತಂದಿದ್ದೆ. ಅಲ್ಲಿ ನೀವು "ಅವರ ಒಪ್ಪಿಗೆ ಇದೆ" ಎನ್ನುತ್ತಾ ಅದೇ ವಿಡಿಯೊ ತೋರಿಸಿದಿರಿ. ಅವ್ವ ಎದ್ದು ನಿಂತು "ಬ್ಯಾಡ, ನಿಲ್ಸು" ಎಂದಳು. ನೀವು "ನೋಡಿ, ಮಾತಾಡಿದ್ರು!" ಎಂದು ಚಪ್ಪಾಳೆ ತಟ್ಟಿಸಿದಿರಿ. ವಿಡಿಯೊ ಮಾತ್ರ ನಿಲ್ಲಿಸಲಿಲ್ಲ.

ಅದನ್ನು ಅಳಿಸಿ. ಹೆಬ್ಬೆಟ್ಟಿನ ಕಾಗದವನ್ನು ನೀವೇ ತಂದು ಅವಳ ಕೈಗೆ ಕೊಡಿ. ಅವಳು ಬೈಯುವುದನ್ನು ಕೇಳಲು ಹೊಲದ ಹೆಂಗಸರೆಲ್ಲ ಕಾಯುತ್ತಿದ್ದಾರೆ.

ಆಶಾರಾಣಿ
ಹೆಬ್ಬಾಲೆ